ಪತ್ರಿಕೋದ್ಯಮ ವಿಭಾಗದ ಮೇಷ್ಟ್ರಾಗುವ ದಾರಿ: ಎಂ.ಎ. ಬೆಂಚಿನಿಂದ ಕುಲಪತಿ ಕೊಠಡಿಯವರೆಗೆ

ಎಂ.ಎ. ಕೊನೆಯ ಸೆಮಿಸ್ಟರಿನ ಮೌಖಿಕ ಪರೀಕ್ಷೆ ಮುಗಿದ ದಿನ ಒಬ್ಬರಾದರೂ ಹಿಂದೆ ಉಳಿಯುತ್ತಾರೆ. ಉಳಿದವರೆಲ್ಲ ಫೋಟೊ ತೆಗೆಸಿಕೊಳ್ಳಲು ಓಡಿದ ಮೇಲೆ ಬಾಗಿಲ ಬಳಿ ನಿಂತು, ‘ಸರ್, ಪೇಪರ್ ಸೇರಲೋ, ಪಿಎಚ್.ಡಿ. ಮಾಡಲೋ?’ ಎಂದು ಕೇಳುತ್ತಾರೆ. ನನ್ನ ಉತ್ತರ ಬಹಳ ವರ್ಷಗಳಿಂದ ಬದಲಾಗಿಲ್ಲ: ಎರಡೂ ಮಾಡಿ, ಆದರೆ ಮೊದಲು ಪೇಪರ್ ಸೇರಿ. ಆ ಉತ್ತರವನ್ನು ಬಾಗಿಲಲ್ಲಿ ನಿಂತು ವಿವರಿಸಲಾಗುವುದಿಲ್ಲ. ಹಾಗಾಗಿ ಬರೆದಿದ್ದೇನೆ.

ಸಂವಹನ ಎಂಬ ಶಾಸ್ತ್ರಕ್ಕೆ ವಿಶ್ವವಿದ್ಯಾಲಯದೊಳಗೆ ವಯಸ್ಸು ಕಡಿಮೆ. ಅವಿಭಜಿತ ಭಾರತದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ 1941ರಲ್ಲಿ ಪತ್ರಿಕೋದ್ಯಮ ವಿಭಾಗ ತೆರೆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಈ ವಿಷಯಕ್ಕೆ ನೆಲೆ ಕಲ್ಪಿಸಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿಭಾಗ ಆರಂಭವಾದದ್ದು ಎಪ್ಪತ್ತರ ದಶಕದಲ್ಲಿ. ನೂರಾರು ವರ್ಷಗಳ ಹಿನ್ನೆಲೆಯಿರುವ ಇತಿಹಾಸ, ತತ್ತ್ವಶಾಸ್ತ್ರ ವಿಭಾಗಗಳ ಪಕ್ಕದಲ್ಲಿ ನಾವು ಇನ್ನೂ ಬಾಡಿಗೆದಾರರ ಹಾಗೆ ಕೂತಿದ್ದೇವೆ. ‘ಇದೂ ಒಂದು ಶಾಸ್ತ್ರವೇ?’ ಎಂದು ಬೇರೆ ವಿಭಾಗದವರು ನಿಮ್ಮ ಎದುರೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ. ಉತ್ತರ ಸಿದ್ಧವಾಗಿರಲಿ.

ಮೊದಲು ಎರಡು ವರ್ಷ ಸುದ್ದಿಮನೆ

ಅಮೆರಿಕದಲ್ಲಿ ಈ ಶಾಸ್ತ್ರಕ್ಕೆ ವಿಶ್ವವಿದ್ಯಾಲಯದ ಚೌಕಟ್ಟು ಹಾಕಿಕೊಟ್ಟವರಲ್ಲಿ ಮುಖ್ಯರು ವಿಲ್ಬರ್ ಶ್ರಾಮ್. ಅವರು ಬಂದದ್ದು ಸಾಹಿತ್ಯದ ಕಡೆಯಿಂದ. ಅಯೋವಾ ವಿಶ್ವವಿದ್ಯಾಲಯದಲ್ಲಿ ಕಥೆಗಾರರ ಕಮ್ಮಟ ನಡೆಸುತ್ತಿದ್ದವರು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಮಾಹಿತಿ ಕಚೇರಿಗೆ ಹೋದರು. ಜನರಿಗೆ ಮಾತು ಹೇಗೆ ತಲುಪುತ್ತದೆ ಎಂಬುದನ್ನು ಅಲ್ಲಿ ಹತ್ತಿರದಿಂದ ನೋಡಿ 1943ರಲ್ಲಿ ಮರಳಿ ಪತ್ರಿಕೋದ್ಯಮ ಶಾಲೆಯ ಮುಖ್ಯಸ್ಥರಾದರು. ಆಮೇಲೆ ಇಲಿನಾಯ್, 1955ರಿಂದ ಸ್ಟ್ಯಾನ್‌ಫರ್ಡ್. 1963ರಲ್ಲಿ ಫೋರ್ಡ್ ಪ್ರತಿಷ್ಠಾನದ ಅಧ್ಯಯನ ತಂಡದೊಂದಿಗೆ ಭಾರತಕ್ಕೂ ಬಂದರು. ದೆಹಲಿಯ ಭಾರತೀಯ ಜನಸಂಪರ್ಕ ಸಂಸ್ಥೆ 1965ರಲ್ಲಿ ಹುಟ್ಟಿದ್ದರ ಹಿಂದೆ ಅಂತಹ ತಜ್ಞರ ಶಿಫಾರಸುಗಳಿವೆ. ಅಂದರೆ ಅವರು ಒಂದು ಕೆಲಸ ಮಾಡಿ, ಅದರಿಂದ ಪ್ರಶ್ನೆ ಹುಟ್ಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಮರಳಿದವರು.

ನಮ್ಮಲ್ಲಿ ಈಗ ಇದು ತಿರುಗುಮುರುಗಾಗಿದೆ. ಎಂ.ಎ. ಮುಗಿಸಿದ ಮರುವರ್ಷವೇ ಅತಿಥಿ ಉಪನ್ಯಾಸಕರಾಗಿ, ಒಂದು ದಿನವೂ ಡೆಸ್ಕಿನಲ್ಲಿ ಕೂರದೆ ‘ಸಂಪಾದನೆಯ ತತ್ತ್ವಗಳು’ ಪಾಠ ಮಾಡುವವರು ಬಹಳ. ವಿದ್ಯಾರ್ಥಿಗಳಿಗೆ ಅದು ಮೂರನೇ ದಿನಕ್ಕೇ ತಿಳಿಯುತ್ತದೆ. ಜಿಲ್ಲಾ ಪತ್ರಿಕೆಯಾದರೂ ಸರಿ, ಸಮುದಾಯ ಬಾನುಲಿಯಾದರೂ ಸರಿ, ಜಾಹೀರಾತು ಸಂಸ್ಥೆಯಾದರೂ ಸರಿ, ಎರಡು ವರ್ಷ ಕೆಲಸ ಮಾಡಿ. ರಾತ್ರಿ ಪುಟ ಮುಗಿಯುವ ಹೊತ್ತಿಗೆ ಅಪಘಾತದ ಸುದ್ದಿ ಬಂದಾಗ ಯಾವ ಸುದ್ದಿಯನ್ನು ತೆಗೆದು ಹಾಕುತ್ತಾರೆ, ಯಾರ ಫೋನ್ ಬಂದರೆ ಯಾವ ಶೀರ್ಷಿಕೆ ಮೆತ್ತಗಾಗುತ್ತದೆ ಎಂಬುದನ್ನು ಪಠ್ಯಪುಸ್ತಕ ‘ದ್ವಾರಪಾಲನೆ’ ಎಂಬ ಒಂದು ಪದದಲ್ಲಿ ಮುಗಿಸುತ್ತದೆ. ಕಣ್ಣಾರೆ ಕಂಡವರಿಗೆ ಆ ಪದ ಒಂದು ಇಡೀ ತರಗತಿಯಾಗುತ್ತದೆ.

ನೆಟ್, ಕೆ-ಸೆಟ್: ಇದಕ್ಕೆ ಹೆಚ್ಚು ಭಾವುಕತೆ ಬೇಡ

ಕೆಲಸ ಮಾಡುತ್ತಲೇ ಅಧ್ಯಾಪಕರ ಅರ್ಹತಾ ಪರೀಕ್ಷೆ ಬರೆಯಿರಿ: ರಾಷ್ಟ್ರಮಟ್ಟದ್ದು ನೆಟ್, ರಾಜ್ಯದ್ದು ಕೆ-ಸೆಟ್. ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ; ಎರಡನೆಯದು ನಮ್ಮ ವಿಷಯದ್ದು, 100 ಪ್ರಶ್ನೆ, 200 ಅಂಕ; ಎರಡೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಬಿಡುವುದು ಮೂರ್ಖತನ. ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ವಿಷಯ ಸಂಖ್ಯೆ 63. ನಮ್ಮ ಹುಡುಗರು ಸೋಲುವುದು ಸಾಮಾನ್ಯವಾಗಿ ಮೊದಲ ಪತ್ರಿಕೆಯಲ್ಲಿ. ಕೋಷ್ಟಕ ಓದುವ ಲೆಕ್ಕ, ತರ್ಕ ಎಂದರೆ ಪತ್ರಿಕೋದ್ಯಮದವರಿಗೆ ಜ್ವರ ಬರುತ್ತದೆ. ದಿನಕ್ಕೆ ಅರ್ಧ ಗಂಟೆ ಅದಕ್ಕೇ ಕೊಡಿ.

2024ರ ಜೂನ್ ಪರೀಕ್ಷೆಯಿಂದ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ: ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೊಶಿಪ್) ಜೊತೆಗೆ ಅಧ್ಯಾಪನದ ಅರ್ಹತೆ, ಅಧ್ಯಾಪನ ಮತ್ತು ಪಿಎಚ್.ಡಿ. ಪ್ರವೇಶದ ಅರ್ಹತೆ, ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ಕೊನೆಯ ಎರಡರಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಆ ಅಂಕ ಒಂದೇ ವರ್ಷ ನಡೆಯುತ್ತದೆ. ಪ್ರವೇಶದಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30ರ ತೂಕ. ಜೆ.ಆರ್.ಎಫ್. ಸಿಕ್ಕಿದರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಲ್ಲಿ ‘ಇನ್ನೂ ಎಷ್ಟು ದಿನ ಓದುತ್ತೀ?’ ಎಂಬ ಪ್ರಶ್ನೆಯನ್ನು ನಿಲ್ಲಿಸುವ ಶಕ್ತಿ ಇರುವ ಏಕೈಕ ಪತ್ರ ಅದು.

ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರ ಅರ್ಹತೆ ರಾಜ್ಯದೊಳಗಿನ ಹುದ್ದೆಗಳಿಗೆ. ಎರಡನ್ನೂ ಬರೆಯಿರಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂಬ ಗಾಳಿಮಾತು ಇನ್ನೂ ತಿರುಗುತ್ತಿದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮಾವಳಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಹಾಗೆ ಹೇಳಿದ್ದು ನಿಜ. ಅದನ್ನು ಮುಂದೂಡಿ, ಕೊನೆಗೆ 2023ರ ಜುಲೈ 1ರಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಯುಜಿಸಿ ತಿದ್ದಿತು. ನಿಯಮ ಮತ್ತೆ ಬದಲಾಗಬಹುದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನಂಬದೆ ಮೂಲ ಅಧಿಸೂಚನೆ ತೆರೆದು ಓದಿ. ಸಂವಹನ ಕಲಿತವರಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ.

ಪ್ರಶ್ನೆ ಹುಡುಕುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮುಂದಿನ ಮೂವತ್ತು ವರ್ಷ ನಿಮ್ಮ ಹೆಸರಿನ ಜೊತೆ ಬರುವುದು ಇದೇ.

‘ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯ ಸಾರಲೇಖವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಊರಿನ ಹೆಸರು ಮಾತ್ರ ಬದಲಾಗಿರುತ್ತದೆ. ಮುನ್ನೂರು ಜನರಿಗೆ ಪ್ರಶ್ನಾವಳಿ ಹಂಚಿ, ‘ಪ್ರಭಾವ ಇದೆ’ ಎಂದು ತೀರ್ಮಾನಿಸಲು ನಾಲ್ಕು ವರ್ಷ ಬೇಕೇ?

ಪ್ರಶ್ನೆಗಳು ಕಾಲ ಬುಡದಲ್ಲೇ ಬಿದ್ದಿವೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ‘ಸೈಟ್’ ಎಂದು ಕರೆದ ಆ ಪ್ರಯೋಗದಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ವರ್ಷ ಮುಗಿದದ್ದೇ ಉಪಗ್ರಹ ಬೇರೆ ಕಡೆ ಸರಿಯಿತು, ಪರದೆ ಕಪ್ಪಾಯಿತು. ಅಂದು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ಮಕ್ಕಳು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಟಿ.ವಿ. ಬಂದು ಹೋದ ಊರಿನ ನೆನಪು ಹೇಗಿರುತ್ತದೆ? ಅದನ್ನು ಕೇಳಲು ಹೆಚ್ಚು ವರ್ಷ ಉಳಿದಿಲ್ಲ.

ಇನ್ನೊಂದು: 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ವನ್ನು ಕನ್ನಡದ ಮೊದಲ ಪತ್ರಿಕೆ ಎಂದು ಪ್ರತಿವರ್ಷ ಪತ್ರಿಕಾ ದಿನಾಚರಣೆಯಲ್ಲಿ ಸ್ಮರಿಸುತ್ತೇವೆ. ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ಹಳೆಯ ದಾಖಲೆಗಳಿವೆ. ಭಾಷಣ ಮಾಡುವವರಲ್ಲಿ ಎಷ್ಟು ಜನ ಆ ಮೆಟ್ಟಿಲು ಹತ್ತಿದ್ದಾರೆ? ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಮತ್ತೊಂದು ಉದಾಹರಣೆ. ಪರವಾನಗಿ ಇಲ್ಲದ ದಿನಗಳಲ್ಲಿ ಅವರು ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿ ಮುಟ್ಟಿಸಿದರು.

ನಿಮ್ಮ ಪ್ರಶ್ನೆಗೆ ಒಂದು ಸರಳ ಪರೀಕ್ಷೆ ಇದೆ. ಅದನ್ನು ನಿಮ್ಮ ಊರಿನ ಪೇಪರ್ ಏಜೆಂಟರಿಗೆ ಹೇಳಿ ನೋಡಿ. ‘ಅದು ಗೊತ್ತಿರುವುದೇ ತಾನೆ’ ಎಂದರೆ ಬಿಡಿ. ‘ಹೌದಲ್ಲ, ಅದು ಯಾಕೆ ಹಾಗಾಯಿತು?’ ಎಂದರೆ ಹಿಡಿದುಕೊಳ್ಳಿ.

ಮಾರ್ಗದರ್ಶಕರನ್ನು ಆರಿಸುವುದು

ವಿಷಯಕ್ಕಿಂತ ಮಾರ್ಗದರ್ಶಕರು ಮುಖ್ಯ ಎಂದು ಹಿರಿಯರು ಹೇಳುತ್ತಾರೆ. ಪೂರ್ತಿ ಒಪ್ಪುವುದಿಲ್ಲ, ಅರ್ಧ ಒಪ್ಪುತ್ತೇನೆ. 2022ರ ಪಿಎಚ್.ಡಿ. ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಆದ್ದರಿಂದ ಮೊದಲು ಅವರ ನಿವೃತ್ತಿಯ ದಿನಾಂಕ ತಿಳಿದುಕೊಳ್ಳಿ. ಕೇಳಲು ಮುಜುಗರವಾದರೆ ಕಚೇರಿಯ ಸಿಬ್ಬಂದಿಯನ್ನು ಕೇಳಿ, ಅವರಿಗೆ ಎಲ್ಲರದ್ದೂ ಗೊತ್ತಿರುತ್ತದೆ.

ಆಮೇಲೆ ‘ಶೋಧಗಂಗಾ’ ತಾಣಕ್ಕೆ ಹೋಗಿ ಅವರ ಕೈಕೆಳಗೆ ಬಂದ ಮಹಾಪ್ರಬಂಧಗಳನ್ನು ತೆರೆಯಿರಿ. ಮೊದಲ ಅಧ್ಯಾಯ ಬಿಡಿ, ಅದು ಎಲ್ಲರದ್ದೂ ಒಂದೇ. ಕೊನೆಯ ಅಧ್ಯಾಯ ಓದಿ. ಅಲ್ಲಿ ಒಂದಾದರೂ ಅನಿರೀಕ್ಷಿತ ವಾಕ್ಯವಿದ್ದರೆ ಆ ಮನೆಯಲ್ಲಿ ಯೋಚನೆ ನಡೆಯುತ್ತದೆ ಎಂದರ್ಥ. ಅವರ ಈಗಿನ ವಿದ್ಯಾರ್ಥಿಗಳೊಂದಿಗೆ ಚಹಾ ಕುಡಿದು ಒಂದೇ ಪ್ರಶ್ನೆ ಕೇಳಿ: ‘ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ?’ ಉತ್ತರ ಕೊಡುವ ಮೊದಲು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಚಹಾದ ದುಡ್ಡು ಕೊಟ್ಟು ಎದ್ದು ಬನ್ನಿ.

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಮರುನೋಂದಣಿಯಾದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಎರಡು ವರ್ಷದ ರಿಯಾಯಿತಿ ಮತ್ತು 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನೆಯ ರಜೆ ಇದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ ಪಡೆಯಬೇಕು. ಬೇರೆಯವರ ಬರಹದೊಂದಿಗೆ ಸಾಮ್ಯತೆ ಶೇ 10ರ ಒಳಗಿರಬೇಕು. ಕನ್ನಡದಲ್ಲಿ ಬರೆದರೆ ತಂತ್ರಾಂಶ ಹಿಡಿಯುವುದಿಲ್ಲ ಎಂಬ ಧೈರ್ಯದಲ್ಲಿ ನಕಲು ಮಾಡಿದವರನ್ನು ಕಂಡಿದ್ದೇನೆ. ತಂತ್ರಾಂಶ ಹಿಡಿಯಲಿಲ್ಲ. ಮೌಖಿಕ ಪರೀಕ್ಷೆಗೆ ಬಂದಿದ್ದ ಪರೀಕ್ಷಕರು ತಮ್ಮದೇ ಪ್ಯಾರಾವನ್ನು ಗುರುತಿಸಿದರು.

ಕಾಗದ ಕೂಡಿಡುವುದು

ಅತಿಥಿ ಉಪನ್ಯಾಸಕರ ವರ್ಷಗಳು ಈ ದಾರಿಯ ಅತ್ಯಂತ ಕಷ್ಟದ ವರ್ಷಗಳು. ಸೆಮಿಸ್ಟರ್ ಮುಗಿದರೆ ಗೌರವಧನವೂ ಮುಗಿಯುತ್ತದೆ. ಅದನ್ನು ತಪ್ಪಿಸುವ ಉಪಾಯ ನನ್ನಲ್ಲಿಲ್ಲ. ಆದರೆ ಆ ವರ್ಷಗಳು ವ್ಯರ್ಥವಾಗದಂತೆ ನೋಡಿಕೊಳ್ಳಬಹುದು: ನೇಮಕಾತಿ ಆದೇಶ, ಕಾರ್ಯಭಾರದ ಪ್ರಮಾಣಪತ್ರ, ಗೌರವಧನ ಜಮೆಯಾದ ಬ್ಯಾಂಕ್ ದಾಖಲೆ, ಬಿಡುಗಡೆ ಪತ್ರ. ಈ ನಾಲ್ಕೂ ಇಲ್ಲದ ಅನುಭವವನ್ನು ಪರಿಶೀಲನಾ ಸಮಿತಿ ಅನುಭವವೆಂದು ಎಣಿಸುವುದಿಲ್ಲ. ನಾನು ಆರಂಭದಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಿದೆ, ಎಲ್ಲವೂ ಬಾಯಿಮಾತು. ಆಮೇಲೆ ಆಡಳಿತ ಮಂಡಳಿ ಬದಲಾಯಿತು. ಹೊಸಬರು ‘ನಿಮ್ಮ ಹೆಸರು ನಮ್ಮ ವಹಿಯಲ್ಲಿ ಇಲ್ಲವಲ್ಲ’ ಎಂದು ಸೌಜನ್ಯದಿಂದಲೇ ಹೇಳಿದರು. ಆ ಎರಡು ವರ್ಷ ನನ್ನ ವಿದ್ಯಾರ್ಥಿಗಳ ನೆನಪಿನಲ್ಲಿ ಮಾತ್ರ ಉಳಿದಿವೆ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರು ತಮ್ಮ ಪ್ರದೇಶದ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ತಹಶೀಲ್ದಾರ್ ಕಚೇರಿಯ ಮುಂದೆ ನಿಂತು ಸರ್ವರ್ ಡೌನ್ ಎಂಬ ಮಾತು ಕೇಳುವುದಕ್ಕಿಂತ ಅದು ಮೇಲು.

ಹುದ್ದೆ ಸಿಕ್ಕ ಮೇಲೆ: ಅಂಕಗಳ ಲೆಕ್ಕ

ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ 57,700. ಪಿಎಚ್.ಡಿ. ಇದ್ದರೆ ನಾಲ್ಕು ವರ್ಷಕ್ಕೆ, ಇಲ್ಲದಿದ್ದರೆ ಆರು ವರ್ಷಕ್ಕೆ ಮುಂದಿನ ಹಂತ. ಅಲ್ಲಿಂದ ಐದು ವರ್ಷಕ್ಕೆ ಮತ್ತೊಂದು. ಮತ್ತೆ ಮೂರು ವರ್ಷಕ್ಕೆ ಸಹ ಪ್ರಾಧ್ಯಾಪಕ, 1,31,400. ಇನ್ನೂ ಮೂರು ವರ್ಷಕ್ಕೆ ಪ್ರಾಧ್ಯಾಪಕ, 1,44,200. ಕಾಗದದ ಮೇಲೆ ಹದಿನೈದು ವರ್ಷ. ಬಡ್ತಿ ಸಮಿತಿ ಸಕಾಲಕ್ಕೆ ಕೂರುವುದಿಲ್ಲವಾದ್ದರಿಂದ ಅದಕ್ಕೆ ಮೂರೋ ನಾಲ್ಕೋ ಸೇರಿಸಿಕೊಳ್ಳಿ.

ಪ್ರಾಧ್ಯಾಪಕರಾಗಲು ಬಡ್ತಿಯ ದಾರಿಯಲ್ಲಿ ಹತ್ತು ಪ್ರಕಟಣೆ ಮತ್ತು 110 ಸಂಶೋಧನಾ ಅಂಕ ಬೇಕು. ನಮ್ಮಂತಹ ವಿಷಯಗಳಲ್ಲಿ ಒಬ್ಬರೇ ಬರೆದ ಪ್ರಬಂಧಕ್ಕೆ 10. ಇಬ್ಬರು ಬರೆದರೆ ತಲಾ 7. ಮಾರ್ಗದರ್ಶನದಲ್ಲಿ ಒಬ್ಬರಿಗೆ ಪಿಎಚ್.ಡಿ. ಬಂದರೆ 10. ಒಬ್ಬರೇ ಬರೆದ ಹತ್ತು ಪ್ರಬಂಧ, ಒಬ್ಬ ವಿದ್ಯಾರ್ಥಿ: ಅಲ್ಲಿಗೆ ಲೆಕ್ಕ ಸರಿಹೋಯಿತು. ವರ್ಷಕ್ಕೊಂದು ಪ್ರಾಮಾಣಿಕ ಪ್ರಬಂಧ ಬರೆದರೆ ಸಾಕು. ಹಾಗಿದ್ದೂ ವರ್ಷಕ್ಕೆ ಹನ್ನೆರಡು ‘ಪ್ರಕಟಿಸುವವರು’ ಇದ್ದಾರೆ. ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ ಎಂಬ ಸಂದೇಶ ನಿಮಗೂ ಬರುತ್ತದೆ. ಯುಜಿಸಿ ಮಾನ್ಯ ಸಂಶೋಧನಾ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಹೊಣೆ ಸಂಸ್ಥೆಗಳ ಮತ್ತು ನಮ್ಮ ಮೇಲೇ ಬಿದ್ದಿದೆ.

ಕನ್ನಡ ಪತ್ರಿಕೆಯಲ್ಲಿ ಹತ್ತು ವರ್ಷ ಅಂಕಣ ಬರೆದರೆ ಈ ಲೆಕ್ಕದಲ್ಲಿ ಸಿಗುವುದು ಸೊನ್ನೆ. ಸಂವಹನ ವಿದ್ವಾಂಸರು ಸಾರ್ವಜನಿಕರೊಂದಿಗೆ ಸಂವಹನ ನಡೆಸಿದ್ದಕ್ಕೆ ಅಂಕವಿಲ್ಲ. ಇದಕ್ಕಿಂತ ದೊಡ್ಡ ವ್ಯಂಗ್ಯ ನನಗೆ ಗೊತ್ತಿಲ್ಲ. ಆದರೂ ಬರೆಯಿರಿ. ಪುಸ್ತಕದ ಅನುವಾದಕ್ಕೆ 8 ಅಂಕವಿದೆ, ಅದು ಬಹಳ ಜನಕ್ಕೆ ತಿಳಿದಿಲ್ಲ. ಸಂವಹನ ಸಿದ್ಧಾಂತಗಳ ಒಳ್ಳೆಯ ಪುಸ್ತಕಗಳು ಕನ್ನಡದಲ್ಲಿ ಬೆರಳೆಣಿಕೆಯಷ್ಟಿವೆ. ಗ್ರಾಮೀಣ ಪದವಿ ಕಾಲೇಜಿನ ಮಕ್ಕಳು ಜೆರಾಕ್ಸ್ ಅಂಗಡಿಯ ನೋಟ್ಸ್ ನಂಬಿಕೊಂಡಿದ್ದಾರೆ. ಅಂಕವೂ ಬಂತು, ಕೆಲಸವೂ ಆಯಿತು.

ಹೊರಗಿನ ಸಂವಹನ ವಿದ್ವಾಂಸರ ಸಂಘಗಳ ಸಂಪರ್ಕ ಇಟ್ಟುಕೊಳ್ಳಿ. 1950ರಲ್ಲಿ ಹುಟ್ಟಿದ ಐಸಿಎ, 1957ರ ಐಎಎಂಸಿಆರ್, ಏಷ್ಯಾದ ಮಟ್ಟಿಗೆ 1971ರ ಆ್ಯಮಿಕ್ ಈ ಮೂರರ ಸಮ್ಮೇಳನಗಳು ನಿಜವಾದವು. ಉಳಿದ ‘ಅಂತರರಾಷ್ಟ್ರೀಯ’ ಸಮ್ಮೇಳನಗಳಲ್ಲಿ ಎಷ್ಟೋ ನೇಪಾಳದಿಂದ ಒಬ್ಬರನ್ನು ಕರೆಸಿದವು.

ವಿಭಾಗಾಧ್ಯಕ್ಷರ ಕುರ್ಚಿ

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಕ್ಷತೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಜ್ಯೇಷ್ಠತೆಯ ಸರದಿಯಲ್ಲಿ ಬರುತ್ತದೆ. ಅದು ಸಾಧನೆಯಲ್ಲ, ಸರದಿ. ಕುಳಿತ ಮೊದಲ ವಾರವೇ ಹಾರ ಹಾಕಿಸಿಕೊಂಡು ಊರೂರು ತಿರುಗಿದವರು ಎರಡನೇ ವಾರ ವೇಳಾಪಟ್ಟಿ ಮಾಡಲು ಕೂತಾಗ ಬೆವರುತ್ತಾರೆ.

ಕುರ್ಚಿಗೆ ಮೊದಲೇ ಮೂರು ಕೆಲಸ ಕಲಿತಿರಿ. ಟಿಪ್ಪಣಿ ಬರೆಯುವುದು: ಒಂದು ಪುಟದಲ್ಲಿ, ಹಿಂದಿನ ಆದೇಶದ ಸಂಖ್ಯೆ ಮತ್ತು ದಿನಾಂಕದೊಂದಿಗೆ, ಏನು ಬೇಕು ಎಂಬುದು ಕೊನೆಯ ಸಾಲಿನಲ್ಲಿ. ಹಾಗೆ ಬರೆಯದಿದ್ದರೆ ಕ್ಯಾಮೆರಾ ರಿಪೇರಿಯ ಕಡತ ಹಣಕಾಸು ವಿಭಾಗದಿಂದ ‘ಚರ್ಚಿಸಿ’ ಎಂಬ ಷರಾದೊಂದಿಗೆ ಎರಡು ಸಲ ಮರಳಿ ಬರುತ್ತದೆ. ಎರಡನೆಯದು, ಕಾರ್ಯಭಾರದ ಲೆಕ್ಕ: ಎಷ್ಟು ಗಂಟೆ, ಎಷ್ಟು ಜನ ಎಂಬುದರ ಮೇಲೇ ನಿಮ್ಮ ಅತಿಥಿ ಉಪನ್ಯಾಸಕರ ಅನ್ನ ನಿಂತಿದೆ. ಮೂರನೆಯದು, ಅಧ್ಯಯನ ಮಂಡಳಿ ನಡೆಸುವುದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಗೆ ಪಠ್ಯಕ್ರಮ ಬರೆದೆವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು, ಮತ್ತೆ ಬರೆದೆವು. ಎರಡೂ ಸಲ ಹದಿನೈದು ದಿನದ ಗಡುವು ಎಂಬಂತೆ ಓಟ. ಇಂತಹ ಹೊತ್ತಿಗೆ ನಿಮ್ಮ ಬಳಿ ಹಿಂದಿನ ವರ್ಷ ಶಾಂತವಾಗಿ ಕುಳಿತು ಬರೆದಿಟ್ಟ ಕರಡು ಇದ್ದರೆ ಮಾತ್ರ ಒಳ್ಳೆಯ ಪಠ್ಯಕ್ರಮ ಹೊರಬರುತ್ತದೆ.

ವಿಭಾಗದ ಪ್ರಾಯೋಗಿಕ ಪತ್ರಿಕೆಯನ್ನು ಮಾತ್ರ ನಿಲ್ಲಿಸಬೇಡಿ. ಅದರಲ್ಲಿ ಹಾಸ್ಟೆಲ್ ಊಟದ ಬಗ್ಗೆ ವಿದ್ಯಾರ್ಥಿ ಬರೆದ ವರದಿಗೆ ಮೇಲಿನಿಂದ ಫೋನ್ ಬಂದೇ ಬರುತ್ತದೆ. ಆ ಫೋನಿಗೆ ನೀವು ಕೊಡುವ ಉತ್ತರವೇ ಆ ವರ್ಷ ವಿದ್ಯಾರ್ಥಿಗಳು ಕಲಿಯುವ ಮಾಧ್ಯಮ ನೀತಿಶಾಸ್ತ್ರದ ಪಾಠ.

ಕುಲಪತಿ ಕೊಠಡಿಯ ಕಡೆಗೆ

ಪ್ರಾಧ್ಯಾಪಕರಾಗಿ ಹತ್ತು ವರ್ಷ ಕಳೆದವರು ಕುಲಪತಿ ಹುದ್ದೆಗೆ ಅರ್ಜಿ ಹಾಕಬಹುದು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಂತೆ ಶೋಧನಾ ಸಮಿತಿಯಲ್ಲಿ ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ಹೀಗೆ ನಾಲ್ಕು ಕಡೆಯ ನಾಮನಿರ್ದೇಶಿತರು ಇರುತ್ತಾರೆ. ಅವಧಿ ನಾಲ್ಕು ವರ್ಷ. ಆ ಸಮಿತಿಯಾಚೆಗೆ ನಡೆಯುವುದರ ಬಗ್ಗೆ ಪ್ರತಿ ಊರಿನ ಕ್ಯಾಂಟೀನಿನಲ್ಲಿ ಒಂದೊಂದು ಪುರಾಣವಿದೆ; ನಾನು ಅದಕ್ಕೆ ಸೇರಿಸುವುದೇನೂ ಇಲ್ಲ.

ಅಲ್ಲಿಗೆ ಹೋಗುವ ಆಸೆಯಿದ್ದರೆ ನಡುವೆ ಕುಲಸಚಿವರಾಗಿ, ವಿಶೇಷವಾಗಿ ಮೌಲ್ಯಮಾಪನ ಕುಲಸಚಿವರಾಗಿ, ಒಂದು ಅವಧಿ ದುಡಿಯಿರಿ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಕೇಂದ್ರ, ತಡವಾದ ಅಂಕಪಟ್ಟಿ, ಬಾಗಿಲ ಮುಂದೆ ಧರಣಿ ಕುಳಿತ ಮಕ್ಕಳು: ವಿಶ್ವವಿದ್ಯಾಲಯ ಎಂದರೆ ಏನೆಂದು ಅಲ್ಲಿ ತಿಳಿಯುತ್ತದೆ.

ಸಂವಹನ ಹಿನ್ನೆಲೆಯವರಿಗೆ ಆಡಳಿತದಲ್ಲಿ ಒಂದು ಅನುಕೂಲ, ಒಂದು ಅಪಾಯ ಇದೆ. ವರದಿಗಾರರು ಹೇಗೆ ಕೆಲಸ ಮಾಡುತ್ತಾರೆ ಎಂದು ಗೊತ್ತಿರುವುದರಿಂದ ಮುಚ್ಚಿಡಲು ಹೋಗಿ ಸಿಕ್ಕಿಬೀಳುವುದಿಲ್ಲ. ಸಂಜೆ ಐದರೊಳಗೆ ಸ್ಪಷ್ಟೀಕರಣ ಕೊಡುತ್ತಾರೆ. ಅಪಾಯವೆಂದರೆ, ಎಲ್ಲ ಸಮಸ್ಯೆಯೂ ಅವರಿಗೆ ಪ್ರಚಾರದ ಸಮಸ್ಯೆಯಂತೆಯೇ ಕಾಣತೊಡಗುತ್ತದೆ. ಪಿಂಚಣಿ ಬಾಕಿ ಪತ್ರಿಕಾ ಪ್ರಕಟಣೆಯಿಂದ ತೀರುವುದಿಲ್ಲ. ಅರ್ಧದಷ್ಟು ಹುದ್ದೆ ಖಾಲಿಯಿರುವ ವಿಭಾಗಕ್ಕೆ ಹೊಸ ಲಾಂಛನ ಕೊಟ್ಟರೆ ಪಾಠ ನಡೆಯುವುದಿಲ್ಲ. ಹಣಕಾಸು ಅಧಿಕಾರಿಯ ಭಾಷೆ ಕಲಿಯಿರಿ. ನಾವು ಓದಿದ ಯಾವ ಸಂವಹನ ಮಾದರಿಯಲ್ಲೂ ಆತ ಬರುವುದಿಲ್ಲ.

ಇಷ್ಟರ ನಡುವೆ ವಾರಕ್ಕೆ ಒಂದು ತರಗತಿ ಉಳಿಸಿಕೊಳ್ಳಿ. ಯಾವ ಹುದ್ದೆಯಲ್ಲಿದ್ದರೂ, ಬೆಳಗಿನ ಮೊದಲ ಅವಧಿ.

ಅವಧಿ ಮುಗಿಯುವ ದಿನ

ವಿಭಾಗದ ಅಧ್ಯಕ್ಷತೆಯನ್ನು ವಹಿಸಿಕೊಡುವುದಕ್ಕೂ ಕ್ರಮವಿದೆ. ದಾಸ್ತಾನು ಪುಸ್ತಕ ತೆರೆದು, ಮುಂದೆ ಬರುವವರ ಎದುರೇ ಎಣಿಸಿ: ಕ್ಯಾಮೆರಾ ಎಷ್ಟು, ಕೆಲಸ ಮಾಡುವುದು ಎಷ್ಟು, ಧ್ವನಿಮುದ್ರಣ ಕೊಠಡಿಯ ಮೈಕು, ಗ್ರಂಥಾಲಯದಿಂದ ವಿಭಾಗದ ಹೆಸರಿನಲ್ಲಿ ತಂದ ಪುಸ್ತಕಗಳು. ಅರ್ಧಕ್ಕೆ ನಿಂತ ಕಡತಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು, ಯಾವುದು ಯಾರ ಮೇಜಿನ ಮೇಲಿದೆ ಎಂದು ನಮೂದಿಸಿ ಇಬ್ಬರೂ ಸಹಿ ಹಾಕಿ. ನಾನು ವಹಿಸಿಕೊಟ್ಟ ದಿನ ಒಂದು ಟ್ರೈಪಾಡ್ ಲೆಕ್ಕಕ್ಕೆ ಸಿಗಲಿಲ್ಲ. ಸಂಜೆಯವರೆಗೆ ಹುಡುಕಿದೆವು. ಮರುದಿನ ಹತ್ತು ಗಂಟೆಯ ತರಗತಿಗೆ ಹೋದಾಗ ಅದು ಕೊನೆಯ ಬೆಂಚಿನ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಅದಕ್ಕೆ ಯಾರೋ ತಮ್ಮ ಕೊಡೆ ತೂಗುಹಾಕಿದ್ದರು.